ತಾತ್ಕಾಲಿಕವೋ, ಶಾಶ್ವತವೋ?

ನಮ್ಮ ಕಚೇರಿಯ ಹಿತ್ತಲಿನಲ್ಲಿ ಒಂದು ತಗಡಿನ ಷೆಡ್ಡು ಇದೆ. ಕಡತದಲ್ಲಿ ಅದರ ಹೆಸರು ‘ತಾತ್ಕಾಲಿಕ ಷೆಡ್ಡು’. ನಾವು ನೌಕರಿಗೆ ಸೇರುವ ಮೊದಲೇ ಅದು ಅಲ್ಲಿತ್ತು. ನಾವು ನಿವೃತ್ತರಾದ ಮೇಲೂ ಅಲ್ಲಿಯೇ ಇರುವ ಲಕ್ಷಣಗಳು ಕಾಣುತ್ತಿವೆ. ಅದೇ ಕಚೇರಿಯಲ್ಲಿ ‘ಖಾಯಂ’ ಎಂದು ಮಂಜೂರಾದ ಎರಡು ಹುದ್ದೆಗಳು ಬಹುಕಾಲದಿಂದ ಖಾಲಿ ಬಿದ್ದಿವೆ. ಹೀಗಾಗಿ ಈ ಎರಡು ಪದಗಳ ವಿಷಯದಲ್ಲಿ ನಮಗೆ ಹೆಚ್ಚಿನ ಗೌರವವೇನೂ ಇರಲಿಲ್ಲ. ಷರಾ ಬರೆಯುವಾಗ ಯಾವುದು ಲೇಖನಿಗೆ ಬಂತೋ ಅದನ್ನು ಬರೆದು ಮುಂದಿನ ಮೇಜಿಗೆ ದೂಡುತ್ತಿದ್ದೆವು. ಕಳೆದ ತಿಂಗಳು ಪಕ್ಕದ ಬೀದಿಯ ಹವಾಲ್ದಾರರು ಬಂದು ನಮ್ಮ ಈ ಉದಾಸೀನವನ್ನು ಬಿಡಿಸಿದರು.

ಪಲ್ಲಾವರವು ಪರಂಗಿಮಲೆಯ ದಂಡಿಗೆ ಅಂಟಿಕೊಂಡೇ ಬೆಳೆದ ಊರು. ಇಲ್ಲಿ ಬೀದಿಗೊಬ್ಬರಾದರೂ ಮಾಜಿ ಸೈನಿಕರು ಸಿಕ್ಕುತ್ತಾರೆ. ನಮ್ಮ ಹವಾಲ್ದಾರರು ಹಾಸನದ ಕಡೆಯವರು. ಲಡಾಖಿನಲ್ಲಿ ಕರ್ತವ್ಯದ ಮೇಲಿದ್ದಾಗ ಮೊಣಕಾಲು ಮುರಿದುಕೊಂಡು 1987ರಲ್ಲಿ ಸೈನ್ಯದಿಂದ ಬಿಡುಗಡೆಯಾದವರು. ಅಂದು ಅವರ ಜೊತೆಗೆ ಅವರ ಅಣ್ಣನ ಮಗನೂ ಬಂದಿದ್ದ. ಅವನೂ ಸಿಪಾಯಿಯೇ. ಬೆನ್ನಿನ ಪೆಟ್ಟಿನ ಕಾರಣ 2022ರಲ್ಲಿ ಅವನನ್ನು ಸೈನ್ಯದಿಂದ ಬಿಡಿಸಿದ್ದರು.

“ಸ್ವಾಮೀ, ನೀವು ಬಿ.ಎ. ಓದಿದವರು. ಈ ಕಾಗದದಲ್ಲಿ ಏನಿದೆ, ಇವನಿಗೆ ಸ್ವಲ್ಪ ತಿಳಿಯಹೇಳಿ” ಎಂದು ಹವಾಲ್ದಾರರು ಒಂದು ಹಾಳೆಯನ್ನು ಮುಂದಿಟ್ಟರು.

ವೈದ್ಯಮಂಡಲಿಯ ವರದಿ. ಊನತೆ ಶೇಕಡಾ 30, ಸೇವೆಯಿಂದ ಉಂಟಾದದ್ದು, ಶಾಶ್ವತವಲ್ಲ, ಅವಧಿ ಎರಡು ವರ್ಷ. ಅವಧಿ ಮುಗಿದಿತ್ತು. ಮರುಪರೀಕ್ಷೆಯ ಕರೆ ಇನ್ನು ಬರಬೇಕಾಗಿತ್ತು.

“ಇದರಲ್ಲಿ ಕಷ್ಟವೇನು?” ಎಂದೆವು.

“ಕಷ್ಟ ಕಾಗದದಲ್ಲಿಲ್ಲ ಸ್ವಾಮೀ, ಇವನ ತಲೆಯಲ್ಲಿದೆ. ಬೋರ್ಡು ಮುಗಿಯುವ ತನಕ ವ್ಯಾಯಾಮ ಮಾಡುವುದಿಲ್ಲವಂತೆ. ಬೆನ್ನು ನೆಟ್ಟಗಾದರೆ ಪಿಂಚಣಿ ಹೋಗುತ್ತದೆಯಂತೆ!”

ಹುಡುಗ ತಲೆ ತಗ್ಗಿಸಿದ. ನಮಗೆ ಅವನ ಮೇಲೆ ಸಿಟ್ಟು ಬರಬೇಕಾಗಿತ್ತು. ಆದರೆ ಗುಮಾಸ್ತೆಯ ಬುದ್ಧಿ ಮೊದಲು ಲೆಕ್ಕಕ್ಕೆ ಹೋಯಿತು. ಊನತೆ ನೂರಕ್ಕೆ ನೂರಾದರೆ ಕೊನೆಯ ಸಂಬಳದ ಶೇಕಡಾ 30ರಷ್ಟು ಊನತೆಯ ಭಾಗ ಸಿಕ್ಕುತ್ತದೆ. ಕಡಿಮೆಯಾದರೆ ಅದಕ್ಕೆ ತಕ್ಕ ಹಾಗೆ. ಹೀಗೆ ಸೈನ್ಯದಿಂದ ಬಿಡಿಸಲ್ಪಟ್ಟವರಿಗೆ 1996ರ ಜನವರಿ 1ರಿಂದ ಇನ್ನೊಂದು ಅನುಕೂಲ ಆಯಿತು: 50ಕ್ಕಿಂತ ಕಡಿಮೆಯಿದ್ದರೆ ಅದನ್ನು 50 ಎಂದೂ, 50ರಿಂದ 75ರವರೆಗೆ 75 ಎಂದೂ, ಅದರ ಮೇಲಿದ್ದರೆ 100 ಎಂದೂ ಎಣಿಸುತ್ತಾರೆ. ಸಂಬಳ 40,000 ರೂಪಾಯಿ ಎಂದಿಟ್ಟುಕೊಳ್ಳೋಣ. ನೂರಕ್ಕೆ 12,000. ಇವನ 30 ಎಂಬುದು 50 ಆಗಿ ಕೈಗೆ 6,000. ಆದರೆ ಮರುಪರೀಕ್ಷೆಯಲ್ಲಿ 20ಕ್ಕಿಂತ ಕೆಳಗೆ ಇಳಿಯಿತೋ, ಸೇವೆಯ ಭಾಗ ಉಳಿದರೂ ಊನತೆಯ ಭಾಗ ನಿಂತುಹೋಗುತ್ತದೆ. 20ಕ್ಕೂ 19ಕ್ಕೂ ನಡುವೆ ಶಾಲೆಯ ಲೆಕ್ಕದಲ್ಲಿ ಇರುವ ಅಂತರ ಒಂದು. ಈ ಹುಡುಗನ ಮನೆಯ ಲೆಕ್ಕದಲ್ಲಿ ತಿಂಗಳಿಗೆ ಆರು ಸಾವಿರ. ಅವನ ಹೆದರಿಕೆ ಮೂರ್ಖತನವಲ್ಲವೆಂದು ನಮಗೆ ತೋರಿತು.

ಹವಾಲ್ದಾರರು ಸ್ವಲ್ಪ ಹೊತ್ತು ಸುಮ್ಮನಿದ್ದು ತಮ್ಮ ಕಥೆಯನ್ನು ಹೇಳಿದರು.

ಅವರ ಕಾಲದಲ್ಲಿ ಮರುಪರೀಕ್ಷೆ ಒಂದು ಸಲಕ್ಕೆ ಮುಗಿಯುತ್ತಿರಲಿಲ್ಲ. ಕೆಲವು ವರ್ಷಗಳಿಗೆಂದು ಮಂಜೂರು ಮಾಡುವುದು, ಅವಧಿ ಮುಗಿದೊಡನೆ ಮತ್ತೆ ಕರೆಯುವುದು, ಮತ್ತೆ ಅಳೆಯುವುದು. ಮೊದಲನೆಯ ಕರೆ ಬಂದ ವಾರ ಅವರು ಪಲ್ಲಾವರದ ಶುಕ್ರವಾರದ ಸಂತೆಗೆ ಹೋಗಿದ್ದರು. ಮನೆಗೆ ಬಂದಾಗ ಎರಡು ಕೈಯಲ್ಲೂ ಚೀಲಗಳು. ಅವರ ಹೆಂಡತಿ ಬಾಗಿಲಲ್ಲೇ ನಿಂತು, “ಕೋಲೆಲ್ಲಿ?” ಎಂದರಂತೆ. ಕೋಲು ಸಂತೆಯಲ್ಲೇ ಉಳಿದಿತ್ತು! ಎರಡು ವರ್ಷದಲ್ಲಿ ಮೊದಲ ಬಾರಿಗೆ ಅವರು ಕೋಲನ್ನು ಮರೆತು ನಡೆದು ಬಂದಿದ್ದರು.

“ಆ ದಿನ ನಮ್ಮ ಮನೆಯಲ್ಲಿ ಪಾಯಸ ಮಾಡಬೇಕಾಗಿತ್ತು ಸ್ವಾಮೀ. ಅವಳು ಕದ ಮುಚ್ಚಿದಳು. ಯಾರಾದರೂ ನೋಡಿದರೇನೋ ಎಂದು ಇಬ್ಬರಿಗೂ ಭಯ. ವಾಸಿಯಾಯಿತೆಂದರೆ ದುಡ್ಡು ಹೋಯಿತು, ವಾಸಿಯಾಗಲಿಲ್ಲವೆಂದರೆ ಕಾಲು ಹೋಯಿತು. ಎರಡರಲ್ಲಿ ಯಾವುದನ್ನು ದೇವರ ಹತ್ತಿರ ಬೇಡುವುದು?”

ಬೋರ್ಡಿನ ಮುಂದೆ ಅವರು ಸುಳ್ಳು ಹೇಳಲಿಲ್ಲ. ಕೋಲು ಮರೆತದ್ದನ್ನೂ ಹೇಳಿದರು, ಆ ರಾತ್ರಿ ಮೊಣಕಾಲು ಊದಿಕೊಂಡದ್ದನ್ನೂ ಹೇಳಿದರು. 30 ಇದ್ದದ್ದು 20 ಆಯಿತು. ಗೆರೆಯ ಮೇಲೆಯೇ ನಿಂತಿತು. ಆಮೇಲೆ ಪ್ರತಿ ಕರೆಗೂ ಅದೇ ಭಯ. ಕಡೆಗೊಮ್ಮೆ ‘ಆಜೀವ’ ಎಂದು ಬರೆದ ಕಾಗದ ಬಂತು. “ಅಂದಿನಿಂದ ನೋಡಿ, ಬೆಳಿಗ್ಗೆ ತ್ರಿಶೂಲದ ಗುಡಿಯವರೆಗೂ ನಡೆಯಲು ಶುರು ಮಾಡಿದೆ. ಕಾಲು ಸುಧಾರಿಸಿದ್ದು ಆಮೇಲೆ. ಆ ಕಾಗದ ನನಗೆ ದುಡ್ಡನ್ನು ಕೊಟ್ಟದ್ದಕ್ಕಿಂತ ಹೆಚ್ಚಾಗಿ, ನಡೆಯುವುದಕ್ಕೆ ಅಪ್ಪಣೆ ಕೊಟ್ಟಿತು.”

ಈ ಮಾತನ್ನು ವಾಚಕರು ಮನಸ್ಸಿನಲ್ಲಿಡಬೇಕೆಂದೇ ಈ ಸಲದ ಪುಟವನ್ನು ಇದಕ್ಕೆ ಮೀಸಲಿಟ್ಟಿದ್ದೇವೆ. ‘ಶಾಶ್ವತ’ ಎಂದು ಬರೆದುಬಿಟ್ಟರೆ ಮನುಷ್ಯ ಸೋಮಾರಿಯಾಗುತ್ತಾನೆಂದು ನಾವೂ ನಂಬಿದ್ದೆವು. ಹವಾಲ್ದಾರರ ಅನುಭವ ತಿರುಗುಮುರುಗು. ಹಾಗೆಂದು ತಾತ್ಕಾಲಿಕವೆಂಬುದೇ ಅನ್ಯಾಯವೆಂದೂ ಅಲ್ಲ. ಕೂಡಿಕೊಳ್ಳುವ ಮೂಳೆಯುಂಟು, ಔಷಧಕ್ಕೆ ಬಗ್ಗುವ ವ್ಯಾಧಿಯುಂಟು; ಖಜಾನೆಯ ಹಣವೂ ಪ್ರಜೆಗಳದೇ. ತಪ್ಪಿರುವುದು ಕೊನೆಯಿಲ್ಲದ ಅಳತೆಯಲ್ಲಿ.

ಇದನ್ನು ಸರ್ಕಾರವೂ ಕಂಡುಕೊಂಡಿತು. ಐದನೆಯ ವೇತನ ಆಯೋಗದ ಶಿಫಾರಸಿನ ಮೇಲೆ ರಕ್ಷಣಾ ಮಂತ್ರಾಲಯವು 2001ರ ಫೆಬ್ರವರಿ 7ರಂದು ಆಜ್ಞೆ ಹೊರಡಿಸಿ ಸರತಿಯ ಮರುಪರೀಕ್ಷೆಗಳನ್ನು ನಿಲ್ಲಿಸಿತು. ಶಾಶ್ವತವೆಂದು ನಿರ್ಣಯವಾದ ಊನತೆ ಆಜೀವ. ಶಾಶ್ವತವಲ್ಲದ್ದಕ್ಕೆ ಒಂದೇ ಒಂದು ಮರುಪರೀಕ್ಷೆ. ಅಲ್ಲಿ ನಿಂತ ಅಂಕಿಯೇ ಆಜೀವ. ಸೈನಿಕನು ತಾನಾಗಿ ಕೇಳಿದರೆ ಮಾತ್ರ ಮತ್ತೆ ಪರಿಶೀಲನೆ. ಅಮೆರಿಕದಲ್ಲಿಯೂ ಇಂಥ ರಕ್ಷೆಯುಂಟು: ಮಾಜಿ ಸೈನಿಕನ ಊನತೆಯ ಅಂಕಿ 20 ವರ್ಷ ಒಂದು ಮಟ್ಟದಿಂದ ಕೆಳಗಿಳಿಯದೆ ನಿಂತರೆ, ಮೋಸ ಸಿದ್ಧವಾಗದ ಹೊರತು ಆ ಮಟ್ಟಕ್ಕಿಂತ ಇಳಿಸುವಂತಿಲ್ಲ.

ಹುಡುಗನಿಗೆ ಇದನ್ನೆಲ್ಲ ಓದಿ ಹೇಳಿದೆವು. “ನಿನ್ನ ಚಿಕ್ಕಪ್ಪನಂತೆ ನೀನು ವರ್ಷಗಟ್ಟಲೆ ಹೆದರಬೇಕಾಗಿಲ್ಲಪ್ಪ. ನಿನಗಿರುವುದು ಒಂದೇ ದಿನದ ಪರೀಕ್ಷೆ. ಅದಕ್ಕಾಗಿ ಬೆನ್ನನ್ನು ಆಯುಷ್ಯಪೂರ್ತಿ ಕೆಡಿಸಿಕೊಳ್ಳಬೇಡ” ಎಂದೆವು. ಅವನು ಉತ್ತರ ಕೊಡಲಿಲ್ಲ. ಆರು ಸಾವಿರದ ಹೆದರಿಕೆ ನಮ್ಮ ಬುದ್ಧಿವಾದದಿಂದ ಹೋಗುವಂಥದಲ್ಲ.

ನಮ್ಮ ಬಂಧುಬಳಗದಲ್ಲಿ ಸೈನ್ಯದಿಂದ ಬಂದವರು ಅನೇಕರಿದ್ದಾರೆ. ಅವರಿಗೆ ನಮ್ಮ ಅರಿಕೆ ಇಷ್ಟು. ವರದಿಯಲ್ಲಿ ಶೇಕಡಾವಾರನ್ನಷ್ಟೇ ನೋಡಿ ಮಡಿಸಿಡಬೇಡಿ; ಅವಧಿಯ ಕಲಮನ್ನೂ, ಸೇವೆಯಿಂದ ಉಂಟಾದದ್ದೋ ಉಲ್ಬಣಿಸಿದ್ದೋ ಎಂಬ ಕಲಮನ್ನೂ ಓದಿರಿ. ಮನೆ ಬದಲಾಯಿಸಿದರೆ ವಿಳಾಸ ತಿಳಿಸಿರಿ. ಕರೆ ಹಳೆಯ ಮನೆಯ ಬಾಗಿಲಲ್ಲಿ ಬಿದ್ದಿರುವುದು ಬೇಡ. ಚಿಕಿತ್ಸೆಯ ಚೀಟಿಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿಡಿ. ತಾವಾಗಿ ಪರಿಶೀಲನೆ ಕೇಳುವ ಮೊದಲು ಅಂಕಿ ಏರಬಹುದು, ಇಳಿಯಲೂಬಹುದು ಎಂಬುದು ನೆನಪಿರಲಿ. ನಿರ್ಣಯ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಯುಂಟು. ಅದರ ಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಪೀಠ ನಮ್ಮ ಚೆನ್ನೈಯಲ್ಲೇ ಇದೆ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಬಂದಿರುವುದರಿಂದ, ಅಂದಿನಿಂದೀಚೆಗೆ ಬಿಡುಗಡೆಯಾದವರು ಅವನ್ನೇ ನೋಡಿಕೊಳ್ಳಬೇಕು.

ಮರುದಿನ ಕಚೇರಿಯಲ್ಲಿ ಒಂದು ಕಡತದ ಮೇಲೆ ‘ತಾತ್ಕಾಲಿಕ’ ಎಂದು ಬರೆಯಹೊರಟ ನಮ್ಮ ಲೇಖನಿ ಒಂದು ಗಳಿಗೆ ನಿಂತಿತು. ಬರೆಯಲೇಬೇಕಾಗಿತ್ತು, ಬರೆದೆವು. ಆದರೆ ಯಾವ ತಾರೀಖಿನವರೆಗೆ ಎಂಬುದನ್ನೂ ಸೇರಿಸಿದೆವು.

ಕಳೆದ ಶುಕ್ರವಾರ ಸಂತೆಯಲ್ಲಿ ಚಿಕ್ಕಪ್ಪನೂ ಮಗನೂ ಕಂಡರು. ಚೀಲ ಹಿಡಿದಿದ್ದವನು ಹುಡುಗ. ವ್ಯಾಯಾಮಕ್ಕೆ ಮತ್ತೆ ಹೋಗುತ್ತಿದ್ದಾನೆಂದು ಹವಾಲ್ದಾರರು ಕಣ್ಸನ್ನೆಯಲ್ಲೇ ತಿಳಿಸಿದರು. ಬೋರ್ಡಿನ ಕರೆ ಇನ್ನೂ ಬಂದಿಲ್ಲ. ಬಂದ ಮೇಲೆ ಏನಾಯಿತೆಂಬುದನ್ನು ಇದೇ ಪುಟದಲ್ಲಿ ಅರಿಕೆ ಮಾಡುತ್ತೇವೆ.