ತುಟಿ ಆಕೀದು, ನಾಲಿಗಿ ನಮ್ಮದು

ಮೊದಲ ಹೇಳಿಬಿಡ್ತೀನಿ, ಇವತ್ತಿನ ಬರಹದಾಗ ಹಪ್ಪಳ ಇಲ್ಲ, ಸಂಡಿಗಿ ಇಲ್ಲ. ಇದು ಜಗಳದ ಬರಹ. ಜಗಳ ಯಾರ ಜೋಡಿ ಅಂದ್ರ, ನಿಮ್ಮ ಜೋಡಿ. ನನ್ನ ಜೋಡಿನೂ ಅನ್ರಿ. ಲಗ್ನದ ಮನ್ಯಾಗ ನಾವು ಏಳೆಂಟು ಮಂದಿ ಹೆಂಗಸರು ಎಲಿ ಅಡಿಕಿ ತಬಕ ಮುಂದಿಟ್ಕೊಂಡು ಕೂತು ಒಂದು ಹುಡುಗಿ ತುಟಿ ನೋಡಿ ನಕ್ವಿ. ನಾವು ನಗೋ ಹೊತ್ತಿನಾಗ ಆ ತುಟಿಯ ಒಂದು ಭಾಗಕ್ಕ ರಕ್ತ ಹರಿಯೋದು ನಿಂತಿತ್ತು.

ಹುಡುಗಿ ನಮ್ಮ ಮನೀದೇ, ನಮ್ಮಣ್ಣನ ಮಗಳು. ಹೆಸರು ಬ್ಯಾಡ, ಸಣ್ಣಾಕಿ ಅಂತೀನಿ. ಇದನ್ನೆಲ್ಲಾ ಬರೀಲೇನವಾ ಅಂತ ಆಕಿನ್ನ ಕೇಳೇ ಬರೀಲಿಕತ್ತೀನಿ. "ಬರೀರಿ ಅತ್ಯಾ, ನೀವು ಅಂದದ್ದನ್ನೂ ಬರೀರಿ" ಅಂದ್ಲು. ಅದಕ್ಕ ಅದನ್ನೂ ಬರೀತೀನಿ.

ಸಣ್ಣಾಕಿಗೆ ಬೆಂಗಳೂರಾಗ ನೌಕರಿ. ಊರಿಗೆ ಬರೋ ದಿನ ಸಂಜಿಮುಂದ ಅಲ್ಲೇ ಒಂದು ಬ್ಯೂಟಿ ಪಾರ್ಲರ್‌ನಾಗ ಮ್ಯಾಲಿನ ತುಟಿಗೆ ಫಿಲ್ಲರ್ ಹಾಕಿಸ್ಕೊಂಡು, ರಾತ್ರಿ ಬಸ್ಸು ಹತ್ತಿ, ಬೆಳಗಾಗೋದ್ರಾಗ ಹುಬ್ಬಳ್ಳ್ಯಾಗ ಇಳಿದ್ಲು. ಮಾರಿಗೆ ಓಢಣಿ ಸುತ್ಕೊಂಡಿದ್ಲು. ಚಾ ಕುಡಿಯೋಮುಂದ ಓಢಣಿ ಜಾರಿತು, ತುಟಿ ಬಾತದ್ದು ಎಲ್ಲಾರಿಗೂ ಕಾಣಿಸ್ತು. "ಏನವಾ, ಜೇನುಹುಳ ಕಡೀತೇನು?" ಅಂದ್ಲು ಒಬ್ಬಾಕಿ. "ಎಣಗಾಯಿ ಬದನಿಕಾಯಿ ಆಗೇದ ನೋಡ್ರಿ" ಅಂದ್ಲು ಇನ್ನೊಬ್ಬಾಕಿ. ನಾ ಏನಂದೆ? "ದೇವರು ಕೊಟ್ಟದ್ದನ್ನ ಕೆಡಿಸ್ಕೊಂಡ್ರ ಹಿಂಗ ಆಗೋದು" ಅಂದೆ. ಎಲ್ಲಾರೂ ಘೊಳ್ ಅಂತ ನಕ್ರು. ಆಕಿ ಓಢಣಿ ಏರಿಸ್ಕೊಂಡು ಅಟ್ಟಕ್ಕ ಹೋಗಿಬಿಟ್ಲು.

ಮಧ್ಯಾಹ್ನ ಊಟಕ್ಕ ಇಳೀಲಿಲ್ಲ. ನಾ ಒಂದು ತಾಟಿನಾಗ ಹೋಳಿಗಿ ಹಾಕ್ಕೊಂಡು ಮ್ಯಾಲ ಹೋದೆ. ಕನ್ನಡಿ ಮುಂದ ಕೂತು ಅಳ್ಳಿಕತ್ತಿದ್ಲು. ತುಟಿ ಎಡಭಾಗ ಸುಣ್ಣ ಬಳದಂಗ ಬೆಳ್ಳಗಾಗಿತ್ತು. ಅದರ ಸುತ್ತ ನೇರಳಿ ಬಣ್ಣದ ಜಾಳಿಗಿ, ಮೂಗಿನ ಮಗ್ಗಲಿನ ತನಕ ಏರಿತ್ತು. ಪಾರ್ಲರಿಗೆ ಮುಂಜಾನೆ ಫೋನ್ ಮಾಡಿದ್ಲಂತ. "ಬಾವು ಬರೋದು ಸಹಜ, ಮಂಜುಗಡ್ಡಿ ಇಡ್ರಿ" ಅಂತ ಹೇಳಿ ಇಟ್ಟುಬಿಟ್ರಂತ. "ಭಾಳ ನೋಯ್ತದ ಅತ್ಯಾ" ಅಂದ್ಲು.

"ಮತ್ತ ಮುಂಜಾನೆನ ನನಗ ಯಾಕ ಹೇಳಲಿಲ್ಲ?" ಅಂತ ಬೈದೆ.

"ಹೇಳಿದ್ರ ನೀವು ಮತ್ತ ನಗ್ತಿದ್ರಿ."

ಹೋಳಿಗಿ ತಾಟು ಅಲ್ಲೇ ಬಿಟ್ಟು ಆಕಿನ್ನ ಕರ್ಕೊಂಡು ಚರ್ಮದ ಡಾಕ್ಟರ ಕಡೆ ಓಡಿದೆ. ಆಕಿ ಪುಣ್ಯ, ಡಾಕ್ಟರು ಇದ್ರು. ಬೆರಳಿಲೇ ತುಟಿ ಒತ್ತಿ ಬಿಟ್ಟು, ಬಣ್ಣ ತಿರುಗಿ ಬರಲಿಕ್ಕೆ ಎಷ್ಟು ಹೊತ್ತು ಬೇಕಂತ ಎಣಿಸಿದ್ರು. ನಿಮ್ಮ ಉಗುರು ಒತ್ತಿ ಬಿಟ್ಟು ನೋಡ್ರಿ, 2 ಸೆಕೆಂಡಿನಾಗ ಮತ್ತ ಕೆಂಪಗಾಗ್ತದ. ಸಣ್ಣಾಕಿ ತುಟಿ ಕೆಂಪಗಾಗಲೇ ಇಲ್ಲ. ಫಿಲ್ಲರ್ ರಕ್ತನಾಳದಾಗ ಹೊಕ್ಕೋ, ಹೊರಗಿಂದ ಒತ್ತಿನೋ ರಕ್ತದ ದಾರಿ ಕಟ್ಟಿತ್ತು. ಡಾಕ್ಟರು ಹೈಯಲುರಾನಿಡೇಸ್ ಅನ್ನೋ ಇಂಜೆಕ್ಷನ್ ಕೊಟ್ರು. ಅದು ಫಿಲ್ಲರನ್ನ ಕರಗಸ್ತದ. ಒಂದು ತಾಸು ಕೂಡಿಸಿ ನೋಡಿದ್ರು, ಮತ್ತ ಕೊಟ್ರು. ಮತ್ತೊಮ್ಮೆ ಕೊಟ್ರು. ದೀಪ ಹಚ್ಚೋ ಹೊತ್ತಿಗೆ ತುಟಿಗೆ ಗುಲಾಬಿ ಬಣ್ಣ ಬಂತು. "ನಿನ್ನೆನ ಬಂದಿದ್ರ ಚರ್ಮಕ್ಕ ಏನೂ ಆಗ್ತಿರಲಿಲ್ಲ, ನಾಳೆ ಬಂದಿದ್ರ ಭಾಳ ಆಗ್ತಿತ್ತು" ಅಂದ್ರು. ಹಕ್ಕಳಿ ಕಟ್ಟಿ, ಉದುರಿ, ಮಾಯಲಿಕ್ಕೆ 3 ವಾರ ಹಿಡೀತು. ತುಟಿ ಮ್ಯಾಲ ಒಂದು ಸಣ್ಣ ಕಲೆ ಉಳಿದದ. ಅಕ್ಷತಾ ಹಾಕೋ ಹೊತ್ತಿಗೆ ಆಕಿ ಇರಲಿಲ್ಲ.

ಈಗ ನೀವು ಕೇಳೋ ಪ್ರಶ್ನೆ ನನಗ ಗೊತ್ತದ. "ಹಾಕಿಸ್ಕೊಳ್ಳೋದಾದ್ರೂ ಯಾಕ ಬೇಕಿತ್ತು?" ಈ ಪ್ರಶ್ನೆ ಕೇಳೋ ಹಕ್ಕು ನಮಗದ ಏನು, ಸ್ವಲ್ಪ ನೋಡೋಣ. ಆಕಿಗೆ 14 ವರ್ಷ ಇದ್ದಾಗ "ಮೂಗು ನಮ್ಮ ಕಡೀದು, ತುಟಿ ಮಾತ್ರ ದೇವರು ಹಾಕೋದು ಮರತಾನ" ಅಂದಾಕಿ ನಾ. ಹುಡುಗಿ ನೋಡಲಿಕ್ಕೆ ಬಂದವರು ಫೋಟೋ ದೊಡ್ಡದು ಮಾಡಿ ನೋಡಿ "ನಕ್ಕರ ತುಟಿನ ಕಾಣಂಗಿಲ್ಲ" ಅಂದಾಗ ಬಾಯಿ ಮುಚ್ಕೊಂಡು ಅವರಿಗೆ ಉಪ್ಪಿಟ್ಟು ಬಡಿಸಿದವರು ನಾವು. ಹತ್ತು ವರ್ಷ ತುಟಿ ಇಲ್ಲ ತುಟಿ ಇಲ್ಲ ಅಂತ ನಾವ ಹೇಳಿ, ಆಕಿ ತುಟಿ ಮಾಡಿಸ್ಕೊಂಡ ದಿನ ನಾವ ನಕ್ವಿ.

ಇನ್ನ "ದೇವರು ಕೊಟ್ಟದ್ದು" ಅನ್ನೋ ಮಾತು. ನನ್ನ ಮೂಗು ಚುಚ್ಚಿಸಿದಾಗ ನನಗ 9 ವರ್ಷ. ಮೂಗು ಬಾತು ಕೀವಾಗಿ ಎರಡು ವಾರ ಜ್ವರದಾಗ ಮಲಗಿದ್ದೆ. ದೇವರು ತೂತಿಲ್ಲದ ಮೂಗು ಕೊಟ್ಟಾನ ಅಂತ ಆವಾಗ ಒಬ್ಬರೂ ಅನಲಿಲ್ಲ, ಕೊಬ್ಬರಿ ಎಣ್ಣಿ ಅರಿಷಿಣ ಹಚ್ಚಿದ್ರು. ಕಿವಿ ಚುಚ್ಚಿಸ್ತೀವಿ, ಹುಬ್ಬು ಕೀಳಿಸ್ತೀವಿ, ಕೂದಲಿಗೆ ಬಣ್ಣ ಬಡೀತೀವಿ. ಬೆಳ್ಳಗಾಗ್ತದಂತ ಔಷಧದ ಅಂಗಡ್ಯಾಗ ಚೀಟಿ ಇಲ್ಲದ ಸ್ಟೆರಾಯ್ಡ್ ಕ್ರೀಮ್ ತಂದು ಹಚ್ಚಿ ಮಾರಿ ಚರ್ಮ ತೆಳ್ಳಗ ಮಾಡ್ಕೊಂಡವರು ನಮ್ಮೊಳಗ ಇದ್ದಾರ. ಅವರಿಗೆ ಯಾರೂ ಬದನಿಕಾಯಿ ಅನ್ನಲಿಲ್ಲ.

ಹಂಗಂದ್ರ ಎಲ್ಲಾರೂ ಹೋಗಿ ಹಾಕಿಸ್ಕೋರಿ ಅಂತ ನಾ ಹೇಳಲಿಕತ್ತಿಲ್ಲ. ನನಗ ಕೇಳಿದ್ರ ಬ್ಯಾಡ ಅಂತೀನಿ. ಆದ್ರ ಹಾಕಿಸ್ಕೊಂಡಾಕಿ ನಮ್ಮ ಮನ್ಯಾಗ ಬಂದು ಕೂತಾಗ ನಮ್ಮ ಕೆಲಸ ತೀರ್ಪು ಕೊಡೋದಲ್ಲ, ಆಕಿ ತುಟಿ ನೋಡೋದು. ನೋಡಲಿಕ್ಕೆ ಸ್ವಲ್ಪ ತಿಳುವಳಿಕಿ ಬೇಕು. ನಾ ಡಾಕ್ಟರ ಕಡೆ ಕೂತು ಕೇಳಿದ್ದು, ಆಮ್ಯಾಲ ಓದಿ ತಿಳ್ಕೊಂಡದ್ದು ಬರೀತೀನಿ. ಇದನ್ನ ಕತ್ತರಿಸಿ ಕಪಾಟಿನ ಬಾಗಿಲಿಗೆ ಅಂಟಿಸಿದ್ರೂ ಅಡ್ಡಿ ಇಲ್ಲ.

ಈಗ ತುಟಿಗೆ ಹಾಕೋ ಫಿಲ್ಲರ್ ಬಹಳ ಮಟ್ಟಿಗೆ ಹೈಯಲುರಾನಿಕ್ ಆಮ್ಲ. ಹೆಸರು ಕೇಳಿ ಹೆದರಬ್ಯಾಡ್ರಿ, ಅದು ನಮ್ಮ ಚರ್ಮದಾಗ, ಕೀಲಿನಾಗ, ಕಣ್ಣಾಗ ಮೊದಲ ಇರೋ ಅಂಟಂಟು ಪದಾರ್ಥ. 1934ರಾಗ ಕಾರ್ಲ್ ಮೇಯರ್ ಮತ್ತ ಜಾನ್ ಪಾಮರ್ ಅನ್ನೋ ವಿಜ್ಞಾನಿಗಳು ಆಕಳ ಕಣ್ಣಿನಿಂದ ಅದನ್ನ ಬೇರ್ಪಡಿಸಿದ್ರು. ಮುಂದ ಹುಂಜದ ಜುಟ್ಟಿನಿಂದನೂ ತಗೀತಿದ್ರು, ಈಗ ಹೆಚ್ಚಾಗಿ ಬ್ಯಾಕ್ಟೀರಿಯಾ ಬೆಳಸಿ ತಗೀತಾರ. ನೀರು ಹಿಡಕೊಂಡು ಉಬ್ಬತದ. ಆರು ತಿಂಗಳಿಗೋ ವರ್ಷಕ್ಕೋ ಬಹಳಷ್ಟು ಕರಗತದ.

ಸಹಜ ಯಾವುದು? ಮೊದಲ 1-2 ದಿನ ಬಾವು ಹೆಚ್ಚಾಗ್ತದ, ಒಂದು ವಾರದಾಗ ಇಳೀತದ. ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮಿ ಬಾಯೋದು, ಮುಟ್ಟಿದ್ರ ನೋಯೋದು, ನೀಲಿ ಕಲೆ ಬಿದ್ದು ಹಳದಿಯಾಗಿ ಹೋಗೋದು, ಒಳಗ ಸಣ್ಣ ಗಂಟು ಹತ್ತೋದು, ಇವೆಲ್ಲಾ ಆಗ್ತಾವ. ತುಟಿ ಖರೇ ರೂಪ ಕಾಣಲಿಕ್ಕೆ 2 ವಾರ ಬೇಕು. ಅದಕ್ಕ ಲಗ್ನದ ಹಿಂದಿನ ದಿನ ಹಾಕಿಸ್ಕೊಳ್ಳೋದು ಶುದ್ಧ ತಪ್ಪು, ಹಾಕೋರೂ ಹಾಕಬಾರದು. ಮೊದಲ 1-2 ದಿನ ಬಿಸಿ ಬಿಸಿ ಚಾ, ರಂಜಕ, ಓಡೋದು ಜಿಗಿಯೋದು ಬ್ಯಾಡ. ಅವತ್ತು ತುಟಿಗೆ ಲಿಪ್‌ಸ್ಟಿಕ್ ಬ್ಯಾಡ. ಬಾವು ಇಳೀಲಿಕ್ಕೆ ಬಟ್ಟಿಯೊಳಗ ಮಂಜುಗಡ್ಡಿ ಸುತ್ತಿ ಸ್ವಲ್ಪ ಹೊತ್ತು ಇಟ್ರ ನಡೀತದ. ತಲಿ ಕೆಳಗ ಎರಡು ದಿಂಬು ಇಟ್ಕೊಂಡು ಮಲಗಬೇಕು. ಡಾಕ್ಟರು ಹೇಳದ ತಿಕ್ಕಬಾರದು. ತುಪ್ಪ, ಸುಣ್ಣ, ಅರಿಷಿಣದ ಗಂಧ ಯಾವುದೂ ಬ್ಯಾಡ, ಸೂಜಿ ತೂತು ಇನ್ನೂ ಹಸಿ ಇರ್ತದ.

ಸಹಜ ಅಲ್ಲದ್ದು ಯಾವುದು? ತುಟಿ ಅಥವಾ ಸುತ್ತಲಿನ ಚರ್ಮ ಬೆಳ್ಳಗಾಗೋದು, ಬೂದಿ ಬಣ್ಣ ಬರೋದು, ನೇರಳಿ ಜಾಳಿಗಿ ಮೂಡೋದು, ನೋವು ಇಳಿಯೋದು ಬಿಟ್ಟು ಏರೋದು, ಒತ್ತಿ ಬಿಟ್ರ ಬಣ್ಣ ತಿರುಗಿ ಬರದಿರೋದು. ಫಿಲ್ಲರ್ ಒಳಗ ಮರಗಟ್ಟೋ ಔಷಧ ಕೂಡಿಸಿರ್ತಾರ, ಅದಕ್ಕ ಮೊದಲ ಕೆಲವು ತಾಸು ನೋವು ಗೊತ್ತಾಗದೇನೂ ಹೋಗಬಹುದು. ಇವುಗಳಾಗ ಒಂದು ಕಂಡ್ರೂ ನಾಳೆ ನೋಡೋಣ ಅನ್ನಬಾರದು, ದಿನದ ಲೆಕ್ಕ ಅಲ್ಲ, ತಾಸಿನ ಲೆಕ್ಕ. ಆವಾಗ ಮಂಜುಗಡ್ಡಿನೂ ಇಡಬಾರದು, ರಕ್ತನಾಳ ಇನ್ನೂ ಬಿಗೀತದ. ಕಣ್ಣು ಮಂಜಾದ್ರ, ಉಸಿರು ಕಟ್ಟಿದ್ರ, ನಾಲಿಗಿ ಬಾತ್ರ ಸೀದಾ ದೊಡ್ಡ ದವಾಖಾನಿ. ದಿನ ಕಳೆದ ಮ್ಯಾಲ ಕೆಂಪಾಗಿ ಬಿಸಿಯಾಗಿ ಕೀವು ಕಂಡ್ರ ಅದು ಸೋಂಕು. ಹಿಂದ ತುಟಿಗೆ ಜ್ವರದ ಗುಳ್ಳಿ ಏಳ್ತಿದ್ರ ಸೂಜಿ ತಾಗಿ ಮತ್ತ ಏಳಬಹುದು, ಮೊದಲ ಡಾಕ್ಟರಿಗೆ ಹೇಳಿದ್ರ ಗುಳಿಗಿ ಕೊಡ್ತಾರ. ತಿಂಗಳುಗಟ್ಟಲೆ ಆದಮ್ಯಾಲ ಫ್ಲೂ ಬಂದಾಗ ತುಟಿ ಮತ್ತ ಬಾಯೋದೂ ಉಂಟು.

ಇನ್ನ ಪಾರ್ಲರಿನವರಿಗೆ ನಾಕು ಮಾತು. ತುಟಿ ಸುತ್ತ ರಕ್ತನಾಳ ಬಳಿ ಹಾಕಿದಂಗ ಇರ್ತದ, ಅದು ಎಲ್ಲೆ ಹರೀತದ ಅಂತ ಓದಿದವರು ಸೂಜಿ ಹಿಡೀಬೇಕು. ಮೆಹೆಂದಿ ಕೋನ್ ಹಿಡಿದ ಕೈ ಛಲೋ ಇರಬಹುದು, ಅದು ಬ್ಯಾರೆ ವಿದ್ಯಾ. ಸಣ್ಣಾಕಿ ಪಾರ್ಲರ್‌ನಾಗ ಕರಗಿಸೋ ಇಂಜೆಕ್ಷನ್ ಇರಲಿಲ್ಲ. ಬೀಗ ಹಾಕಲಿಕ್ಕೆ ಬರ್ತದ, ಕೀಲಿಕೈ ಇಲ್ಲ ಅನ್ನೋರು ಹಾಕೋದ್ಯಾಕ? ಆ ಇಂಜೆಕ್ಷನ್ ಕರಗಸೋದೂ ಹೈಯಲುರಾನಿಕ್ ಫಿಲ್ಲರನ್ನ ಮಾತ್ರ, ಸಿಲಿಕೋನ್ ಚುಚ್ಚಿದ್ರ ಏನೂ ನಡೆಯಂಗಿಲ್ಲ. ಅದಕ್ಕ ಏನು ಚುಚ್ಚಿದ್ರು ಅನ್ನೋ ಡಬ್ಬಿ ಚೀಟಿ ಇಸ್ಕೊಂಡು ಪರ್ಸಿನಾಗ ಇಡಬೇಕು. ಸೂಜಿ ಇಲ್ಲದ ಪೆನ್ನಿಲೇ ಮನ್ಯಾಗ ತುಟಿ ಉಬ್ಬಿಸ್ಕೋರಿ ಅಂತ ಮಾರ್ತಾರಲ್ಲ, ಅದನ್ನ ಬಳಸಬ್ಯಾಡ್ರಿ ಅಂತ ಅಮೆರಿಕದ ಎಫ್‌ಡಿಎ 2021ರಾಗ ಎಚ್ಚರಿಸೇದ. ಅಲ್ಲೆ 22 ತುಂಬದವರ ತುಟಿಗೆ ಫಿಲ್ಲರಿಗೆ ಒಪ್ಪಿಗಿನ ಇಲ್ಲ. ಬಸುರಿ ಬಾಣಂತ್ಯಾರಿಗಂತೂ ಬ್ಯಾಡ.

ಆದ್ರ ಪಾರ್ಲರಿನವರನ್ನ ಬೈದು ನಾವು ಕೈ ತೊಳಕೊಳ್ಳಿಕ್ಕೆ ಆಗಂಗಿಲ್ಲ. ಮುಂಜಾನೆ 7ಕ್ಕ ಆಕಿ ನಮ್ಮ ನಡುವ ಬಂದು ಕೂತಿದ್ಲು. ಎಂಟು ಮಂದಿ ಹಿರ್ಯಾರು, ಕೂಸಿನ ಮೈ ಮುಟ್ಟಿ ಜ್ವರ ಎಷ್ಟು ಅಂತ ಹೇಳೋರು, ಆ ತುಟಿ ನೋಡಿದ್ವಿ. ಬೆಳ್ಳಗಾಗಿದ್ದು ಒಬ್ಬರಿಗೂ ಕಾಣಲಿಲ್ಲ, ಯಾಕಂದ್ರ ನಾವು ನೋಡಿದ್ದು ನಗಲಿಕ್ಕೆ. 6 ತಾಸು ಅಲ್ಲೇ ಹೋದ್ವು. ಆಕಿ ತುಟಿ ಮ್ಯಾಲಿನ ಕಲೆ ಅರ್ಧ ಪಾರ್ಲರಿಂದು, ಅರ್ಧ ನಮ್ಮದು.

ಅದಕ್ಕ ನಾ ಒಂದು ನೇಮ ಮಾಡ್ಕೊಂಡೀನಿ. ಮನಿಗೆ ಬಂದ ಹುಡುಗ್ಯಾರ ಮಾರಿ, ಮೈ, ಬಣ್ಣ, ತೂಕದ ಮಾತು ನನ್ನ ಬಾಯಾಗ ಬರಂಗಿಲ್ಲ. ಯಾರಾದ್ರೂ ತೆಗೆದ್ರ "ಚಾ ಆರ್ತದ, ಕುಡೀರಿ" ಅಂತೀನಿ. ಬಾತ ತುಟಿ ಕಂಡ್ರ "ನೋಯ್ತದೇನವಾ? ಒತ್ತಿ ನೋಡ್ಲೇನು?" ಅಂತ ಕೇಳ್ತೀನಿ. ನೀವೂ ಹಂಗ ಮಾಡ್ರಿ. ಸಿಟ್ಟು ಬಂದಿದ್ರ ಮನಿಗೆ ಬಂದು ಜಗಳಾಡ್ರಿ, ಅವಲಕ್ಕಿ ಹಚ್ಚಿ ಇಟ್ಟಿರ್ತೀನಿ.

ಸಣ್ಣಾಕಿ ಉಗಾದಿಗೆ ಬರ್ತಾಳ. ಆಕಿ ಕಲೆ ಬಗ್ಗೆ ಯಾರೂ ಕೇಳಬ್ಯಾಡ್ರಿ, ಆಕೀನ ಹೇಳಿದ್ರ ಕೇಳ್ರಿ. ಮುಂದಿನ ಸಲ ಮಾವಿನಕಾಯಿ ಉಪ್ಪಿನಕಾಯಿ ಬರೀತೀನಿ.