ನುಸಿಗುಳಿಗೆಯೂ ನೆತ್ತರಿನ ಪಹರೆಯೂ

ಮನೆಯಲ್ಲಿ ನಾಮಕರಣವೋ ಮದುವೆಯೋ ನಿಶ್ಚಯವಾಯಿತೆಂದರೆ ಅಟ್ಟದ ಮೇಲಿನ ಹಳೆಯ ಟ್ರಂಕು ಕೆಳಗಿಳಿಯುತ್ತದೆ. ಮುಚ್ಚಳ ತೆರೆದೊಡನೆ ರೇಷ್ಮೆಯ ಮಡಿಕೆಗಳಿಂದ ಮೇಲೇಳುವ ಆ ತೀಕ್ಷ್ಣವಾದ ವಾಸನೆ ನಮ್ಮೆಲ್ಲರಿಗೂ ಪರಿಚಿತವೇ. ಬಿಳಿಯ ಗೋಲಿಗಳಂತೆ ಕಾಣುವ ನ್ಯಾಫ್ತಲೀನ್ ಗುಳಿಗೆಗಳು, ಎಂದರೆ ಆಡುಮಾತಿನ ನುಸಿಗುಳಿಗೆಗಳು, ಬಟ್ಟೆಬರೆಗಳನ್ನು ಹುಳುಹುಪ್ಪಟೆಗಳಿಂದ ಕಾಯುತ್ತವೆ. ಅದೇ ಟ್ರಂಕಿನಿಂದ ಅಜ್ಜಿಯ ಹಳೆಯ ಮೆತ್ತನೆಯ ಸೀರೆಯೊಂದನ್ನು ತೆಗೆದು, ಹೊಸದಾಗಿ ಹುಟ್ಟಿದ ಕೂಸಿಗೆ ಸುತ್ತುವುದುಂಟು. ಬಹುಪಾಲು ಕೂಸುಗಳಿಗೆ ಇದರಿಂದ ಏನೂ ಆಗದು. ಆದರೆ ಎಲ್ಲೋ ಒಂದು ಕೂಸು ಮಾತ್ರ ಕೆಲವೇ ದಿನಗಳಲ್ಲಿ ಬಿಳಿಚಿಕೊಂಡು, ಮೈ ಕಣ್ಣೆಲ್ಲ ಹಳದಿಯಾಗಿ, ಹಾಲು ಕುಡಿಯಲಾರದೆ ಸೊರಗುತ್ತದೆ. ನೆರೆಹೊರೆಯವರು ದೃಷ್ಟಿ ತಗುಲಿತೆನ್ನುತ್ತಾರೆ, ಹಿರಿಯರು ಗ್ರಹಚಾರವೆನ್ನುತ್ತಾರೆ. ನಿಜವಾದ ಕಾರಣ ಆ ಕೂಸಿನ ನೆತ್ತರಿನಲ್ಲೇ ಅಡಗಿರಬಹುದು.

ಈ ಒಗಟಿನ ಬೀಗದ ಕೈ ದೊರೆತದ್ದು ಬಾಣಂತಿಯ ಕೋಣೆಯಲ್ಲಲ್ಲ, ಅಮೆರಿಕದ ಒಂದು ಸೆರೆಮನೆಯಲ್ಲಿ! ಇಲಿನಾಯ್ ಸಂಸ್ಥಾನದ ಸ್ಟೇಟ್‌ವಿಲ್ ಕಾರಾಗೃಹದಲ್ಲಿ ಎರಡನೆಯ ಮಹಾಯುದ್ಧದ ಕಾಲದಿಂದ ಷಿಕಾಗೋ ವಿಶ್ವವಿದ್ಯಾನಿಲಯದ ವೈದ್ಯರು ಮಲೇರಿಯಾದ ಹೊಸ ಔಷಧಗಳನ್ನು ಕೈದಿಗಳ ಮೇಲೆ ಪರೀಕ್ಷಿಸುತ್ತಿದ್ದರು. ಕೈದಿಗಳು ತಾವಾಗಿ ಮುಂದೆ ಬಂದವರೆಂದೇ ಆಗ ಹೇಳಲಾಗುತ್ತಿತ್ತು. ಸೆರೆಯಲ್ಲಿರುವವನ ಒಪ್ಪಿಗೆ ಎಷ್ಟರ ಮಟ್ಟಿಗೆ ಒಪ್ಪಿಗೆ ಎಂಬ ಪ್ರಶ್ನೆ ಬಲವಾಗಿ ಎದ್ದ ಮೇಲೆ, ೧೯೭೦ರ ದಶಕದಲ್ಲಿ ಆ ಪ್ರಯೋಗಗಳು ನಿಂತುಹೋದವು. ಅಲ್ಲಿ ಪರೀಕ್ಷೆಗೊಳಗಾದ ಮದ್ದುಗಳಲ್ಲಿ ಪ್ರಿಮಾಕ್ವಿನ್ ಎಂಬುದು ಒಂದು. ಯಕೃತ್ತಿನಲ್ಲಿ ಅವಿತುಕೊಂಡು ತಿಂಗಳುಗಳ ಅನಂತರ ಮತ್ತೆ ತಲೆಯೆತ್ತುವ ವೈವಾಕ್ಸ್ ಮಲೇರಿಯಾದ ಬೇರನ್ನೇ ಕೀಳಬಲ್ಲ ಔಷಧವದು. ಬಹುಮಂದಿಗೆ ಅದು ಒಗ್ಗಿತು. ಆದರೆ ಆಫ್ರಿಕನ್ ಮೂಲದ ಗಂಡಸರಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬನಿಗೆ, ದಿನಕ್ಕೆ ೩೦ ಮಿಲಿಗ್ರಾಂ ಪ್ರಮಾಣದಲ್ಲಿ ಕೊಟ್ಟ ಕೆಲವೇ ದಿನಗಳಲ್ಲಿ ಮೂತ್ರ ಕಪ್ಪಾಗಿ, ರಕ್ತ ಕುಗ್ಗಿಹೋಯಿತು.

ದೋಷ ಯಾರದು? ಔಷಧದ್ದೇ, ದೇಹದ್ದೇ, ಅಥವಾ ರಕ್ತಕಣದ್ದೇ? ಆಲ್ಫ್ ಆಲ್ವಿಂಗ್ ಅವರ ತಂಡ ೧೯೫೪ರಲ್ಲಿ ಸರಳವಾದರೂ ಜಾಣ್ಮೆಯ ಒಂದು ಉಪಾಯವನ್ನು ಹೂಡಿತು. ಔಷಧ ಒಗ್ಗದವನ ಕೆಂಪುಕಣಗಳಿಗೆ ವಿಕಿರಣಶೀಲ ಕ್ರೋಮಿಯಮ್ಮಿನ ಗುರುತು ಹಚ್ಚಿ, ಅವನ್ನು ಔಷಧ ಒಗ್ಗುವವನ ಮೈಗೆ ಸೇರಿಸಿದರು. ಅನಂತರ ಪ್ರಿಮಾಕ್ವಿನ್ ಕೊಟ್ಟರೆ ಆ ಅತಿಥಿ ಕಣಗಳು ಮಾತ್ರ ನಾಶವಾದವು. ಮನೆಯವನ ಕಣಗಳಿಗೆ ಧಕ್ಕೆಯಾಗಲಿಲ್ಲ. ಅದಲುಬದಲು ಮಾಡಿ ನೋಡಿದರೆ, ಆರೋಗ್ಯದ ಕಣಗಳು ಔಷಧ ಒಗ್ಗದವನ ಮೈಯಲ್ಲಿಯೂ ಸುಖವಾಗಿ ಉಳಿದವು. ಎಂದ ಮೇಲೆ ದೋಷವಿರುವುದು ಕೆಂಪುಕಣದ ಒಳಗೇ ಎಂದು ಸಿದ್ಧವಾಯಿತು. ೧೯೫೬ರಲ್ಲಿ ಪಾಲ್ ಕಾರ್ಸನ್ ಮತ್ತು ಸಂಗಡಿಗರು ಆ ದೋಷದ ಹೆಸರನ್ನೇ ಹೇಳಿದರು: ಗ್ಲೂಕೋಸ್-೬-ಫಾಸ್ಫೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವದ ಕೊರತೆ. ಹೆಸರು ಉದ್ದವಾಯಿತೆಂದು ವಾಚಕರು ಅಂಜಬೇಕಾಗಿಲ್ಲ. ವೈದ್ಯರೇ ಅದನ್ನು ‘ಜಿ೬ಪಿಡಿ’ ಎಂದು ಮೊಟಕುಗೊಳಿಸಿಕೊಂಡಿದ್ದಾರೆ.

ಕಿಣ್ವದ ಕೆಲಸವೇನೆಂಬುದನ್ನು ನೋಡೋಣ. ನಮ್ಮ ಪ್ರಾಣವಾಯುವಾದ ಆಮ್ಲಜನಕವೇ ಕಬ್ಬಿಣಕ್ಕೆ ತುಕ್ಕು ಹಿಡಿಸುವುದೂ ಹೌದು. ಜೀವಕೋಶದಲ್ಲಿಯೂ ಅದು ಹೈಡ್ರೋಜನ್ ಪೆರಾಕ್ಸೈಡ್ ಮೊದಲಾದ ಉಗ್ರ ಉತ್ಕರ್ಷಕಗಳನ್ನು ಹುಟ್ಟಿಸುತ್ತದೆ. ಹಗಲಿರುಳು ಆಮ್ಲಜನಕವನ್ನೇ ಹೊರುವ ಕೆಂಪುಕಣಕ್ಕೆ ಈ ಕಾಟ ಹೆಚ್ಚು. ಇವನ್ನು ತಣಿಸಲು ಕಣದೊಳಗೆ ಗ್ಲೂಟಾಥಯೋನ್ ಎಂಬ ಪಹರೆಯವನಿದ್ದಾನೆ. ಒಂದು ಸಲ ಹೋರಾಡಿದ ಮೇಲೆ ಅವನು ನಿರಾಯುಧನಾಗುತ್ತಾನೆ. ಅವನ ಕೈಗೆ ಮತ್ತೆ ಆಯುಧವನ್ನೀಯುವ ವಸ್ತು ತಯಾರಾಗಬೇಕಾದರೆ ಜಿ೬ಪಿಡಿ ಬೇಕೇ ಬೇಕು. ಇತರ ಜೀವಕೋಶಗಳಿಗೆ ಬೇರೆ ದಾರಿಗಳೂ ಇವೆ. ಕೆಂಪುಕಣಕ್ಕೆ ಇದೊಂದೇ ದಾರಿ. ಅದಕ್ಕೆ ಬೀಜಕೇಂದ್ರವಿಲ್ಲದ್ದರಿಂದ ಸವೆದ ಕಿಣ್ವಕ್ಕೆ ಬದಲಾಗಿ ಹೊಸತನ್ನು ಮಾಡಿಕೊಳ್ಳಲೂ ಆಗದು. ಸುಮಾರು ೧೨೦ ದಿನಗಳ ತನ್ನ ಆಯುಷ್ಯವನ್ನೆಲ್ಲ ಹುಟ್ಟುವಾಗ ತಂದ ಬುತ್ತಿಯಲ್ಲಿಯೇ ಕಳೆಯಬೇಕು.

ಬುತ್ತಿ ಮೊದಲೇ ಕಡಿಮೆಯಿದ್ದವರಲ್ಲಿಯೂ ಸಾಮಾನ್ಯ ದಿನಗಳು ಸುಸೂತ್ರವಾಗಿ ಸಾಗುತ್ತವೆ. ಆದರೆ ಪ್ರಿಮಾಕ್ವಿನ್ನಿನಂತಹ ಔಷಧವೋ, ಯಕೃತ್ತಿನಲ್ಲಿ ಮಾರ್ಪಟ್ಟ ನ್ಯಾಫ್ತಲೀನೋ ಒಳಹೊಕ್ಕರೆ ಪಹರೆ ಕುಸಿಯುತ್ತದೆ. ಹೀಮೋಗ್ಲೋಬಿನ್ ಕೆಟ್ಟು ಗಂಟುಗಟ್ಟಿ ಕಣದ ಪೊರೆಗೆ ಅಂಟಿಕೊಳ್ಳುತ್ತದೆ, ಪೊರೆ ಪೆಡಸಾಗುತ್ತದೆ, ಗುಲ್ಮದ ಇಕ್ಕಟ್ಟಾದ ಸಂದುಗಳಲ್ಲಿ ನುಸುಳಲಾರದೆ ಕಣ ನಾಶವಾಗುತ್ತದೆ. ಒಡೆದ ಕಣಗಳಿಂದ ಹೊರಟ ಬಣ್ಣವೇ ಕಾಮಾಲೆಯ ಹಳದಿ, ಮೂತ್ರದ ಕಪ್ಪು.

ನುಸಿಗುಳಿಗೆಯನ್ನು ನುಂಗಿದ ಮಕ್ಕಳಲ್ಲಿ ರಕ್ತ ಹೀಗೆ ಒಡೆದದ್ದನ್ನು ಅಮೆರಿಕದ ಜೂಲ್ಜರ್ ಮತ್ತು ಆಪ್ಟ್ ಎಂಬ ವೈದ್ಯರು ೧೯೪೯ರಲ್ಲಿಯೇ ಪ್ರಕಟಿಸಿದ್ದರು. ಕೂಸು ಅದನ್ನು ನುಂಗಲೇಬೇಕೆಂದೇನೂ ಇಲ್ಲ. ಬಟ್ಟೆಯಲ್ಲುಳಿದ ಆವಿ ಉಸಿರಿನಿಂದಲೂ ಚರ್ಮದಿಂದಲೂ ಒಳಸೇರುತ್ತದೆ. ನ್ಯಾಫ್ತಲೀನ್ ಎಣ್ಣೆಯಲ್ಲಿ ಕರಗುವ ವಸ್ತು. ಆದಕಾರಣ ಎಣ್ಣೆ ತಿಕ್ಕಿದ ಎಳೆಯ ಮೈಗೆ ಅದು ಇನ್ನಷ್ಟು ಸುಲಭವಾಗಿ ಇಳಿಯುತ್ತದೆ. ಹಸುಗೂಸಿನ ಯಕೃತ್ತು ಇನ್ನೂ ಬಲಿತಿರುವುದಿಲ್ಲ. ಹಳದಿ ವರ್ಣದ್ರವ್ಯವನ್ನು ಹೊರಹಾಕುವ ಶಕ್ತಿ ಅದಕ್ಕೆ ಸಾಲದು. ಅದು ಮಿತಿಮೀರಿದರೆ ಮಿದುಳಿಗೇ ಪೆಟ್ಟು ಬಿದ್ದು, ಕಿವುಡುತನವೋ ಅಂಗವೈಕಲ್ಯವೋ ಜೀವಮಾನದುದ್ದಕ್ಕೂ ಉಳಿಯಬಹುದು, ಪ್ರಾಣವೇ ಹೋಗಲೂಬಹುದು.

ಈ ಕೊರತೆ ಅಪರೂಪದ್ದೇನೂ ಅಲ್ಲ. ಜಗತ್ತಿನಲ್ಲಿ ಸುಮಾರು ೪೦ ಕೋಟಿ ಜನರಲ್ಲಿ ಇದೆಯೆಂದು ಅಂದಾಜು. ಮಲೇರಿಯಾ ಬಹುಕಾಲ ಬೀಡುಬಿಟ್ಟ ನಾಡುಗಳಲ್ಲಿಯೇ ಇದು ಹೆಚ್ಚು. ಕೊರತೆಯುಳ್ಳ ಕಣ ಮಲೇರಿಯಾದ ಪರೋಪಜೀವಿಗೂ ಒಳ್ಳೆಯ ಮನೆಯಲ್ಲವಾದ್ದರಿಂದ, ಇಂದಿನ ದೋಷ ಅಂದಿನ ರಕ್ಷೆಯಾಗಿತ್ತೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಇಟಲಿಯ ಸಾರ್ಡೀನಿಯಾ ದ್ವೀಪದಲ್ಲಿ ಇಂಥವರು ಫಾವಾ ಕಾಳನ್ನು ತಿಂದು ಹಾಸಿಗೆ ಹಿಡಿಯುತ್ತಿದ್ದುದು ಪ್ರಸಿದ್ಧ. ನಮ್ಮ ಹೊಲದ ಅವರೆ ಬೇರೆ, ಫಾವಾ ಬೇರೆ. ಅವರೆಕಾಳಿನ ಉಪ್ಪಿಟ್ಟನ್ನು ಯಾರೂ ಅನುಮಾನಿಸಬೇಕಿಲ್ಲ.

ಕೊರತೆ ಇಳಿದುಬರುವುದು ಎಕ್ಸ್ ವರ್ಣತಂತುವಿನ ಮೂಲಕ. ಆದ್ದರಿಂದ ಗಂಡುಮಕ್ಕಳಿಗೆ ಇದು ತಾಯಿಯ ಕಡೆಯಿಂದಲೇ ಬರುತ್ತದೆ, ತಾಯಿ ಮಾತ್ರ ಎಷ್ಟೋ ಸಲ ಆರೋಗ್ಯವಾಗಿಯೇ ಇರುತ್ತಾಳೆ. ಹೆಣ್ಣುಮಕ್ಕಳು ಇದಕ್ಕೆ ಪೂರಾ ಹೊರತೆಂದಲ್ಲ. ಕೆಲವರಿಗೆ ಇದು ಬಾಧಿಸುವುದುಂಟು. ಮಗುವಿನ ಸೋದರಮಾವನಿಗೆ ಯಾವುದಾದರೂ ಔಷಧ ತೆಗೆದುಕೊಂಡಾಗ ಮೂತ್ರ ಕಪ್ಪಾಗಿತ್ತೇ, ಹುಟ್ಟಿದಾಗ ಕಾಮಾಲೆ ಜೋರಾಗಿತ್ತೇ ಎಂದು ಕೇಳಿ, ವೈದ್ಯರಿಗೆ ತಿಳಿಸುವುದು ಉಪಯುಕ್ತ. ನಮ್ಮ ದೇಶದಲ್ಲಿ ವೈವಾಕ್ಸ್ ಮಲೇರಿಯಾಕ್ಕೆ ಪ್ರಿಮಾಕ್ವಿನ್ನನ್ನು ೧೪ ದಿನ ಕೊಡುವ ಪದ್ಧತಿಯಿದೆ. ಈ ಕೊರತೆಯುಳ್ಳವರಿಗೆ ಅದು ಸಲ್ಲದೆಂದು ನಿಯಮವೂ ಇದೆ. ಮದ್ದಿನ ನಡುವೆ ಮೂತ್ರ ಕಪ್ಪಾದರೆ ಗುಳಿಗೆಯನ್ನು ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಬೇಕು.

ಕೊರತೆಯನ್ನು ಪತ್ತೆ ಮಾಡಲು ಸ್ವಲ್ಪ ರಕ್ತ ಸಾಕು. ಆದರೆ ಒಂದು ಎಚ್ಚರಿಕೆ: ರಕ್ತ ಒಡೆದ ಬೆನ್ನಲ್ಲೇ ಪರೀಕ್ಷಿಸಿದರೆ ಫಲಿತಾಂಶ ‘ಸರಿಯಿದೆ’ ಎಂದು ಬರಬಹುದು. ಕಿಣ್ವ ಬತ್ತಿದ ಮುದಿಕಣಗಳೆಲ್ಲ ಆಗಲೇ ಸತ್ತು, ಬುತ್ತಿ ತುಂಬಿದ ಎಳೆಯ ಕಣಗಳಷ್ಟೇ ಸಾಕ್ಷಿ ಹೇಳುತ್ತಿರುತ್ತವೆ! ಸಂಶಯವಿದ್ದರೆ ಕೆಲವು ವಾರ ಅಥವಾ ತಿಂಗಳುಗಳ ಮೇಲೆ ಮತ್ತೊಮ್ಮೆ ನೋಡಿಸಬೇಕು.

ಹುಟ್ಟಿನಿಂದ ಬಂದ ಕೊರತೆಯನ್ನು ನಾವು ತುಂಬಲಾರೆವು. ಅದರ ಮೇಲೆ ಬೀಳುವ ಏಟನ್ನು ತಪ್ಪಿಸಬಲ್ಲೆವು. ಕೂಸಿನ ಬಟ್ಟೆ ಹೊದಿಕೆಗಳ ನಡುವೆ ನುಸಿಗುಳಿಗೆಯನ್ನು ಇಡಲೇಬೇಡಿ. ಕರ್ಪೂರವೂ ಅದಕ್ಕೆ ಬದಲಿಯಲ್ಲ. ಮಗು ನುಂಗಿದರೆ ಅದೂ ವಿಷವೇ. ಚೆನ್ನಾಗಿ ಒಗೆದು ಬಿಸಿಲಿನಲ್ಲಿ ಒಣಗಿಸಿದ ಬಟ್ಟೆ, ಬೇಕಾದರೆ ಪೆಟ್ಟಿಗೆಯ ತಳದಲ್ಲಿ ಒಂದಿಷ್ಟು ಒಣಗಿದ ಬೇವಿನ ಸೊಪ್ಪು, ಇಷ್ಟು ಸಾಕು. ಅಜ್ಜಿಯ ಸೀರೆಯ ಮೆತ್ತನೆ ಮೊಮ್ಮಗುವಿಗೆ ಸಲ್ಲಲಿ. ಟ್ರಂಕಿನ ವಾಸನೆ ಟ್ರಂಕಿನಲ್ಲಿಯೇ ಉಳಿಯಲಿ.