ನಿದ್ದಿ ಇಲ್ಲ, ದಣಿವೂ ಇಲ್ಲ ಅಂದ್ರ…

ಪರೀಕ್ಷೆಗೆ ರಾತ್ರಿಯೆಲ್ಲ ಓದಿದವರು ಮರುದಿನ ತೂಕಡಿಸ್ತಾರೆ. ಬೈಪೋಲಾರ್ ಕಾಯಿಲೆಯ ಉನ್ಮಾದದಲ್ಲಿ ಹಾಗಲ್ಲ. ಎರಡು ತಾಸು ಮಲಗಿದರೂ ದಣಿವೇ ಇಲ್ಲ, ಮಾತು ನಿಲ್ಲೋದಿಲ್ಲ, ದಿನಕ್ಕೊಂದು ಸ್ಟಾರ್ಟಪ್ ಯೋಚನೆ, ಸಾಲ ಮಾಡಿ ಖರ್ಚು, ತಡೆದರೆ ಸಿಟ್ಟು. ವಾರಗಟ್ಟಲೆ ಹೀಗಿದ್ದರೆ 'ಏನ್ ಜೋಶ್ ಅದಲೇ' ಅಂತ ಹುರಿದುಂಬಿಸಬಾರದು. ಅವರಿಗೆ ತಮ್ಮಷ್ಟು ಆರಾಮ ಯಾರೂ ಇಲ್ಲ ಅನಿಸ್ತಿರುತ್ತದೆ. ಹಾಸ್ಟೆಲಿನಲ್ಲಿ ಮೊದಲು ಗುರುತಿಸಬೇಕಾದವರು ರೂಮ್‌ಮೇಟ್‌ಗಳಾದ ನಾವೇ. ವಾದಕ್ಕಿಳಿಯದೆ, ಮನೆಯವರಿಗೆ ತಿಳಿಸಿ, ಡಾಕ್ಟರ ಹತ್ತಿರ ಕರೆದೊಯ್ಯಬೇಕು.

ಆದರೆ ಊರಿಗೆ ಹೋದ ಮೇಲೆ? ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ 'ಗಾಳಿ ಬಡದದ' ಅಂತ ಗಾಣಗಾಪುರಕ್ಕೆ ಕರೆದೊಯ್ಯೋದುಂಟು. ದತ್ತನ ದರ್ಶನ ಬ್ಯಾಡ ಅನ್ನೋದಿಲ್ಲ ನಾವು. ಆದರೆ ಅಲ್ಲಿಗೇ ನಿಲ್ಲಬಾರದು. ತಾಲ್ಲೂಕು ಆಸ್ಪತ್ರೆಯಲ್ಲೇ ಮನೋರೋಗಿಗಳನ್ನು ನೋಡಲೆಂದು ರಾಜ್ಯದ ಮನೋಚೈತನ್ಯ ಯೋಜನೆ ಬಂದಿದೆ. 2022ರಲ್ಲಿ ಶುರುವಾದ ಟೆಲಿ ಮಾನಸ್‌ನ 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಲಿಥಿಯಂನಂಥ ಮಾತ್ರೆಯಿಂದ ಏರಿಳಿತ ಹಿಡಿತಕ್ಕೆ ಬರುತ್ತದೆ; ಆಗಾಗ ರಕ್ತಪರೀಕ್ಷೆ ಬೇಕು. ಆರಾಮಾಯ್ತು ಅಂತ ತಾವಾಗಿ ಬಿಟ್ಟರೆ ಮರುಕಳಿಸುವ ಅಪಾಯ ಹೆಚ್ಚು. ಹೊತ್ತಿಗೆ ಸರಿಯಾಗಿ ಮಲಗೋದೂ ಔಷಧದಷ್ಟೇ ಮುಖ್ಯ. ಚಿಕಿತ್ಸೆ ಪಡೆದು ವಾಪಸ್ ಬಂದ ಗೆಳೆಯನ ಬೆನ್ನ ಹಿಂದೆ 'ಹುಚ್ಚ' ಅನ್ನೋದು ಬಿಟ್ಟು, ರಾತ್ರಿ ಹತ್ತಕ್ಕೆ ರೂಮಿನ ಲೈಟ್ ಆರಿಸೋಣ.